ಬ್ರೌನ್ ರೈಸ್ ಮನೆಯಲ್ಲಿ ಯಾರಿಗೂ ಹಿಡಿಸುತ್ತಿಲ್ಲ, ಬಿಳಿ ಅಕ್ಕಿಗೇ ಮರಳಿದರೆ ತಪ್ಪಾ?

ಪ್ರಶ್ನೆ:
ಮೂರು ಹೊತ್ತೂ ಅನ್ನ ಉಣ್ಣುವ ಮನೆ ನಮ್ಮದು. ಬಿಳಿ ಅಕ್ಕಿಯಲ್ಲಿ ಸತ್ವವೇ ಇಲ್ಲ ಎಂದು ಕೇಳಿ ಕೇಳಿ ಐದು ಕಿಲೋ ಬ್ರೌನ್ ರೈಸ್ ತಂದೆ. ಮೊದಲ ದಿನ ಸರಿಯಾಗಿ ಬೇಯಲೇ ಇಲ್ಲ. ಮಗ ಒಂದು ತುತ್ತು ಅಗಿದು, "ಅಮ್ಮಾ, ಇದು ಇನ್ನೂ ಗದ್ದೆಯಲ್ಲೇ ಇದೆ" ಅಂದ. ಎರಡು ತಿಂಗಳು ಬಿಟ್ಟು ಡಬ್ಬಿ ತೆರೆದರೆ ಹಳೇ ಎಣ್ಣೆಯ ಕಮಟು ವಾಸನೆ. ಪಾಲಿಶ್ ಮಾಡಿದಾಗ ನಿಜವಾಗಿ ಹೋಗುವುದೇನು?

ಉತ್ತರ 1:
ಇಪ್ಪತ್ತು ವರ್ಷ ಮಿಲ್‌ನಲ್ಲಿ ಪಾಲಿಶರ್ ಪಕ್ಕ ನಿಂತವನು ನಾನು. ಹೋಗುವುದು ತೌಡು, ಅಂದರೆ ಕಾಳಿನ ಹೊರಪದರ. ಬ್ರೌನ್ ರೈಸ್ ಅಂದರೆ ಅದನ್ನು ತೆಗೆಯದ ಅಕ್ಕಿ. ಆಗಷ್ಟೇ ಬಿದ್ದ ತೌಡನ್ನು ಮುಷ್ಟಿಯಲ್ಲಿ ಹಿಡಿದರೆ ಬೆಚ್ಚಗಿರುತ್ತದೆ, ಅಂಗೈಗೆ ಜಿಡ್ಡು ಅಂಟುತ್ತದೆ. ನಿಮ್ಮ ಡಬ್ಬಿಯಲ್ಲಿ ಕಮಟು ಹಿಡಿದದ್ದು ಆ ಎಣ್ಣೆಯೇ. ತೌಡು ತೆಗೆದ ಅಕ್ಕಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಹಾಗಾಗಿ ವ್ಯಾಪಾರಕ್ಕೆ ಅದೇ ಸಲೀಸು. ಆದರೆ ಅಕ್ಕಿಯ ಬಿ1 ಜೀವಸತ್ವ ಬಹುಪಾಲು ಇರುವುದು ತೌಡಿನಲ್ಲಿ, ಕಾಳಿನ ಮೂತಿಯ ಮೊಳಕೆಯಲ್ಲಿ. ಅನ್ನ ಬಿಟ್ಟು ಬೇರೇನೂ ಸಿಗದವರಿಗೆ ಬೆರಿಬೆರಿ ಎಂಬ ರೋಗ ತಂದದ್ದು ಈ ಬಿ1 ಕೊರತೆಯೇ. ಕಾಲು ಸೋಲುತ್ತದೆ, ಹೃದಯವೂ ಸೋಲುತ್ತದೆ.

ಇದರ ಸುಳಿವು ಕೊಟ್ಟದ್ದು ಕೋಳಿಗಳು. 1890ರ ಸುಮಾರಿಗೆ ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಸಾಕಿದ್ದ ಕೋಳಿಗಳು ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ ತಿಂದು ನಡೆಯಲಾರದಂತಾದವು. ಹೊಸ ಅಡುಗೆಯವನು ಬಂದ. ಮಿಲಿಟರಿ ಅನ್ನ ಕೋಳಿಗೆ ಯಾಕೆ ಅಂತ ನಿಲ್ಲಿಸಿದ. ಪಾಲಿಶ್ ಆಗದ ಅಕ್ಕಿ ಸಿಕ್ಕಿದ್ದೇ ಕೋಳಿಗಳು ಚೇತರಿಸಿಕೊಂಡವು! ಆ ಅಡುಗೆಯವನಿಗೆ ಯಾರೂ ಬಹುಮಾನ ಕೊಡಲಿಲ್ಲ. 1929ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಐಕ್‌ಮನ್‌ಗೆ.

ಬ್ರೌನ್ ಬೇಡವಾದರೆ ಕುಚ್ಚಲಕ್ಕಿ ನೋಡಿ. ಭತ್ತವನ್ನು ನೆನೆಸಿ, ಹಬೆ ಕೊಟ್ಟು, ಒಣಗಿಸಿ, ಆಮೇಲೆ ಮಿಲ್‌ಗೆ ಹಾಕುವುದು. ಆಗ ಬಿ1 ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ, ನುಚ್ಚೂ ಕಡಿಮೆ. 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಫ್ಲೆಚರ್ ಎಂಬ ವೈದ್ಯ ಅರ್ಧ ಜನರಿಗೆ ಬಿಳಿ ಅಕ್ಕಿ, ಅರ್ಧ ಜನರಿಗೆ ಕುಚ್ಚಲಕ್ಕಿ ಕೊಟ್ಟು ನೋಡಿದ. ಬೆರಿಬೆರಿ ಬಂದದ್ದು ಬಿಳಿ ಅಕ್ಕಿಯವರಿಗೆ. ಹಲವರು ಸತ್ತೇ ಹೋದರು. ಇವತ್ತು ಹಾಗೆ ಪ್ರಯೋಗ ಮಾಡಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು.

ಉತ್ತರ 2:
ಮೇಲಿನವರು ಮಿಲ್ ಬಗ್ಗೆ ಹೇಳಿದರು, ನಾನು ಒಲೆ ಬಗ್ಗೆ ಹೇಳುತ್ತೇನೆ. ಬಿ1 ನೀರಿನಲ್ಲಿ ಕರಗುತ್ತದೆ. ಅಕ್ಕಚ್ಚು ಚೆಲ್ಲಿದಾಗ ಒಂದಷ್ಟು ಹೋಯಿತು, ಗಂಜಿ ಬಸಿದಾಗ ಇನ್ನಷ್ಟು. ಇನ್ನೊಂದು ಮಾತು, ತೌಡನ್ನು ಸುಮ್ನೆ ದೇವರು ಮಾಡಬೇಡಿ. ಅದರಲ್ಲಿ ಫೈಟೇಟ್ ಎಂಬ ಅಂಶ ಜಾಸ್ತಿ, ಅದು ಕಬ್ಬಿಣ ಮತ್ತು ಸತು ಮೈಗೆ ಹತ್ತದಂತೆ ತಡೆಯುತ್ತದೆ. ಬೇಳೆ, ಸೊಪ್ಪು, ಮೊಟ್ಟೆ ಇಲ್ಲದೆ ಬರೀ ಅನ್ನ ಉಣ್ಣುವವರಿಗೆ ಬ್ರೌನ್ ರೈಸ್ ಒಂದರಿಂದಲೇ ಎಲ್ಲ ಸರಿಹೋಗದು.

ಪ್ರಶ್ನೆ ಕೇಳಿದವರು:
ಅಯ್ಯೋ, ನಾನು ನೀರು ತಿಳಿಯಾಗುವವರೆಗೆ ಐದು ಸಲ ತೊಳೆಯುತ್ತಿದ್ದೆ! ಇನ್ನು ಎರಡೇ ಸಲ. ಕುಚ್ಚಲಕ್ಕಿಯನ್ನೂ ನೋಡುತ್ತೇನೆ, ಮಗನ ತೀರ್ಪು ಆಮೇಲೆ. ಕಮಟು ಹಿಡಿದ ಎರಡು ಕಿಲೋ ಏನು ಮಾಡಲಿ?

ಉತ್ತರ 1:
ಅದನ್ನು ಚೆಲ್ಲಿಬಿಡಿ, ತೊಳೆದರೂ ಆ ವಾಸನೆ ಹೋಗುವುದಿಲ್ಲ. ಮತ್ತೆ ಬ್ರೌನ್ ತರುವುದಾದರೆ ಒಂದೇ ಕಿಲೋ ತನ್ನಿ, ಫ್ರಿಜ್‌ನಲ್ಲಿಡಿ. ಹಿಂದಿನ ರಾತ್ರಿಯೇ ನೆನೆಸಿ.