ನಾಳೆರಾಯನ 22ನೇ ದಿನ

ನಮ್ಮ ಗೆಳೆಯನೊಬ್ಬನಿಗೆ ನಾವಿಟ್ಟ ಹೆಸರು ನಾಳೆರಾಯ. ಯಾವುದೇ ಒಳ್ಳೆಯ ಕೆಲಸವಿರಲಿ, ಅವನು ಶುರು ಮಾಡುವುದು ನಾಳೆ. ನಾಳೆ ಸೋಮವಾರ ಅಲ್ಲದಿದ್ದರೆ ಮುಂದಿನ ಸೋಮವಾರ. ಆ ಸೋಮವಾರ ತಿಂಗಳ ನಡುವೆ ಬಿದ್ದರೆ ಒಂದನೇ ತಾರೀಖು.

ಒಂದು ಭಾನುವಾರ ನಾಲ್ವರೂ ಸೇರಿದ್ದೆವು. ರಾಯ ಸುರುಳಿ ಸುತ್ತಿದ ದೊಡ್ಡ ಹಾಳೆಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಬಿಚ್ಚಿದರೆ ವೇಳಾಪಟ್ಟಿ. ಬೆಳಿಗ್ಗೆ ಐದಕ್ಕೆ ಏಳುವುದು, ಓಟ, ಧ್ಯಾನ, ಡೈರಿ, ಹೊಸ ಭಾಷೆ, ಗಿಟಾರ್, ಸಿಟ್ಟು ಬಿಡುವುದು... ಒಟ್ಟು ಹದಿನಾಲ್ಕು ಬಾಬತ್ತು. ಒಂದೊಂದಕ್ಕೂ ಒಂದೊಂದು ಬಣ್ಣದ ಗೆರೆ ಬೇರೆ.

"ಇದನ್ನು ಬರೆದು ಮುಗಿಸಿದಾಗ ಗಂಟೆ ಎಷ್ಟಾಗಿತ್ತು?" ಎಂದೆ.

"ರಾತ್ರಿ ಎರಡು."

"ಐದಕ್ಕೆ ಎದ್ದೆಯಾ?"

"ಅದು ನಾಳೆಯಿಂದ."

ನಗುವ ಹಕ್ಕು ನನಗೂ ಇಲ್ಲ. ನನ್ನದೂ ಒಂದು ಪಟ್ಟಿ ಇತ್ತು. ಜನವರಿ 1ಕ್ಕೆ ಹುಟ್ಟಿ 4ಕ್ಕೆ ತೀರಿಕೊಂಡಿತು. ಅದರ ನೆನಪಿಗೆ ಮನೆಯಲ್ಲೊಂದು ವ್ಯಾಯಾಮದ ಸೈಕಲ್ ಉಳಿದಿದೆ. ಒದ್ದೆ ಟವೆಲ್ ಒಣಗಿಸೋಕೆ ಬಹಳ ಅನುಕೂಲ.

ಲೆಕ್ಕದ ಮೇಷ್ಟ್ರು ಕನ್ನಡಕ ಏರಿಸಿ ಪಟ್ಟಿ ನೋಡಿದರು. "ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಹೀಗೇ ಪಟ್ಟಿ ಮಾಡಿಕೊಂಡಿದ್ದನಂತೆ ಕಣಯ್ಯಾ. ಹದಿಮೂರು ಗುಣ. ನೀನು ಅವನಿಗಿಂತ ಒಂದು ಜಾಸ್ತಿ."

ರಾಯ ಎದೆ ಉಬ್ಬಿಸಿದ. ಅಷ್ಟರಲ್ಲಿ ಅಕ್ಕ ಬಾಯಿ ಹಾಕಿದರು. ಲೈಬ್ರರಿಯಲ್ಲಿ ಕೆಲಸ ಮಾಡುವ ಅಕ್ಕ. ನಮಗೆ ತಿಳಿದಿರುವ ವಿಷಯ ಅರ್ಧ ತಪ್ಪು ಅಂತ ವಾರವಾರ ತಿಳಿಸುವುದು ಅವರ ಜವಾಬ್ದಾರಿ.

"ಅವನು ಹದಿಮೂರನ್ನೂ ಒಟ್ಟಿಗೆ ಹಿಡಿಯಲಿಲ್ಲ. ವಾರಕ್ಕೆ ಒಂದೇ ಗುಣದ ಮೇಲೆ ಗಮನ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆ. ಹೊಸ ಸುತ್ತಿಗೆ ಆ ಚುಕ್ಕೆಗಳನ್ನು ಕೆರೆದೂ ಕೆರೆದೂ ಪುಸ್ತಕ ತೂತು ಬಿತ್ತು. ಇಷ್ಟಾದರೂ ಸಾಮಾನನ್ನು ಅದರದರ ಜಾಗದಲ್ಲಿ ಇಡೋದು ಮಾತ್ರ ಅವನಿಗೆ ಕೊನೆವರೆಗೂ ಒಲಿಯಲಿಲ್ಲ."

"ಅಂದರೆ ಮೇಜಿನ ವಿಷಯದಲ್ಲಿ ನಾನೂ ಫ್ರಾಂಕ್ಲಿನ್ನೇ!" ಎಂದ ರಾಯ. ಯಾವ ಮಾತಿನಿಂದಲೂ ತನಗೆ ಬೇಕಾದ ತುಣುಕನ್ನಷ್ಟೇ ಎತ್ತಿಕೊಳ್ಳುವ ಕಲೆ ಅವನಿಗೆ ಒಲಿದಿದೆ.

ಮೇಷ್ಟ್ರು ಸುಮ್ಮನಿರುವವರಲ್ಲ. "ಪಟ್ಟಿ ಹರಿದು ಹಾಕು. ದಿನಕ್ಕೆ ಒಂದೇ ಒಂದು ಪರ್ಸೆಂಟ್ ಸುಧಾರಿಸು. 1.01ನ್ನು 365 ಸಲ ಗುಣಿಸಿದರೆ 37.78. ವರ್ಷಕ್ಕೆ ಮೂವತ್ತೇಳು ಪಟ್ಟು! ದಿನಾ ಒಂದು ಪರ್ಸೆಂಟ್ ಕೆಟ್ಟರೆ ಉಳಿಯೋದು 0.03."

"ಎರಡನೇ ಲೆಕ್ಕ ನನಗೆ ಅನುಭವದಲ್ಲಿದೆ ಮೇಷ್ಟ್ರೇ," ಎಂದ ರಾಯ. "ಮೊದಲನೇದರ ಬಗ್ಗೆ ಒಂದು ಅನುಮಾನ. ಸಿಟ್ಟನ್ನು ಒಂದು ಪರ್ಸೆಂಟ್ ಕಡಿಮೆ ಮಾಡಿದೆ ಅಂತ ಯಾವ ತಕ್ಕಡಿಯಲ್ಲಿ ತೂಗೋದು? ಈಗಿರೋ ಒಬ್ಬ ನನ್ನನ್ನೇ ಮನೆಯಲ್ಲಿ ಸಹಿಸೋಕಾಗ್ತಿಲ್ಲ. ಮೂವತ್ತೇಳು ಜನ ಆದರೆ?"

ಈ ಸಲ ನಾನು ರಾಯನ ಕಡೆ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಮನುಷ್ಯ ಉಳಿತಾಯ ಖಾತೆ ಅಲ್ಲವಲ್ಲ. ಸೋಮವಾರ ಎರಡು ಹೆಜ್ಜೆ ಮುಂದೆ, ಮಂಗಳವಾರ ಒಂದು ಹಿಂದೆ, ಬುಧವಾರ ಮಂಚದ ಮೇಲೆ.

"ನಾನೂ ಸಣ್ಣದನ್ನು ಮಾಡಿ ನೋಡಿದವನೇ," ರಾಯ ನಿಟ್ಟುಸಿರು ಬಿಟ್ಟ. "21 ದಿನ ಮಾಡಿದರೆ ಅಭ್ಯಾಸ ಆಗತ್ತೆ ಅಂತಾರಲ್ಲ? ಹೋದ ವರ್ಷ 21 ದಿನ ತಪ್ಪದೆ ವಾಕಿಂಗ್ ಹೋದೆ. 22ನೇ ದಿನ ಹಾಸಿಗೆಯಲ್ಲಿ ಮಲಗಿ ಕಾದೆ."

"ಯಾರಿಗೆ?"

"ಕಾಲಿಗೆ! ಅಭ್ಯಾಸ ಆಗಿದೆ ಅಂದ ಮೇಲೆ ತಾನಾಗಿ ಎದ್ದು ಹೊರಡಬೇಕಿತ್ತಲ್ವಾ? ಒಂಬತ್ತು ಗಂಟೆವರೆಗೆ ಕಾದೆ. ಅಲ್ಲಾಡಲಿಲ್ಲ."

ನಾವು ನಕ್ಕು ಸುಸ್ತಾದ ಮೇಲೆ ಅಕ್ಕ ವಿಷಯಕ್ಕೆ ಬಂದರು. ಈ 21ರ ಮೂಲ ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ತಮ್ಮ ರೋಗಿಗಳು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಡಿಮೆ ಅಂದರೂ 21 ದಿನ ಹಿಡಿಯುತ್ತದೆ ಅಂತ ಅವರು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ದಾಟುವಾಗ "ಕಡಿಮೆ ಅಂದರೂ" ಎಲ್ಲೋ ಉದುರಿಹೋಯಿತು.

"ಅಂದರೆ ನಾನು ಮೂಗಿನ ಲೆಕ್ಕ ಹಿಡಿದು ಕಾಲಿಗೆ ಕಾಯ್ತಿದ್ದೆನಾ?"

"ಹೌದಪ್ಪಾ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಎಂಬ ಸಂಶೋಧಕಿ ಮತ್ತು ಜೊತೆಯವರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಒಬ್ಬೊಬ್ಬರಿಗೂ ದಿನಕ್ಕೆ ಒಂದು ಸಣ್ಣ ಕೆಲಸ. ಅದು ತಾನಾಗಿ ಆಗುವ ಹಂತಕ್ಕೆ ಬರೋಕೆ ನಡುಮಟ್ಟದಲ್ಲಿ 66 ದಿನ. ಕೆಲವರಿಗೆ 18. ಕೆಲವರಿಗೆ 254."

"ಹನ್ನೆರಡು ವಾರ ಅಂದರೆ 84 ದಿನ. 254 ಎಲ್ಲಿಂದ ಬಂತು?" ಮೇಷ್ಟ್ರು ಹಿಡಿದೇಬಿಟ್ಟರು.

"ಆ ಜನರ ವೇಗ ನೋಡಿ ಹಾಕಿದ ಅಂದಾಜು, ಮೇಷ್ಟ್ರೇ."

ಮೂವರೂ ಒಟ್ಟಿಗೆ ರಾಯನ ಕಡೆ ನೋಡಿದೆವು.

"ಇನ್ನೊಂದು ವಿಷಯ," ಎಂದರು ಅಕ್ಕ. "ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಲ್ಲ ಅನ್ನೋದೂ ಅಲ್ಲೇ ಕಂಡಿದ್ದು. ನೀನು 22ನೇ ದಿನ ಮಲಗಿದ್ದು ತಪ್ಪಲ್ಲ. 23ನೇ ದಿನ?"

"ಹೇಗೂ ತಪ್ಪಿತಲ್ಲ ಅಂತ..."

"ಅದೇ ತಪ್ಪು."

ಇಲ್ಲಿ ನನ್ನದೂ ಒಂದು ಸಾಧನೆ ಹೇಳಿಕೊಳ್ಳಬೇಕು. ಇರೋದೇ ಒಂದು. ರಾತ್ರಿ ಹಾಸಿಗೆಯಲ್ಲಿ ಫೋನ್ ನೋಡುವ ಚಟ ಬಿಡಲು ದೃಢಸಂಕಲ್ಪ, ಆಣೆ ಎಲ್ಲ ಆಗಿತ್ತು. ಕೊನೆಗೆ ಚಾರ್ಜರನ್ನು ಹಾಲ್‌ನಲ್ಲಿ ಸಿಕ್ಕಿಸಿದೆ. ಅಷ್ಟೇ. ಮೊದಲ ರಾತ್ರಿ ಕತ್ತಲಲ್ಲಿ ನಾಲ್ಕು ಸಲ ಹಾಲ್‌ಗೆ ಹೋಗಿ ಬಂದೆ. ಆ ವಾರದ ವ್ಯಾಯಾಮ ಅದೊಂದೇ. ಮೂರನೇ ರಾತ್ರಿ ಏಳೋಕೆ ಬೇಜಾರಾಯಿತು. ಈಗ ಹತ್ತೂವರೆಗೆ ನಿದ್ದೆ. ಸೋಮಾರಿತನ ಬಿಡೋಕೆ ನನ್ನಿಂದ ಆಗಲಿಲ್ಲ. ಅದನ್ನೇ ಸಂಬಳವಿಲ್ಲದ ಕಾವಲುಗಾರನನ್ನಾಗಿ ಇಟ್ಟುಕೊಂಡೆ.

"ಹಾಗಾದರೆ ನಾನೇನು ಮಾಡಲಿ?" ರಾಯ ಹಾಳೆ ಸುತ್ತಿದ.

ಅಕ್ಕ ಯೋಚಿಸಿದರು. "ದಿನಾ ಹೇಗೂ ಮಾಡುವ ಒಂದು ಕೆಲಸ ಹೇಳು."

"ಹಲ್ಲುಜ್ಜೋದು."

"ಹಲ್ಲುಜ್ಜಿ ಬ್ರಷ್ ಕೆಳಗಿಟ್ಟ ತಕ್ಷಣ ಎರಡು ಬಸ್ಕಿ. 'ವ್ಯಾಯಾಮ ಮಾಡ್ತೀನಿ' ಅಂದರೆ ಆಗಲ್ಲ. 'ಇದಾದ ಕೂಡಲೇ ಇದು' ಅಂತ ಗಂಟು ಹಾಕಬೇಕು. ಪೀಟರ್ ಗೋಲ್‌ವಿಟ್ಸರ್ ಅಂತ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಬರೀ ಆಸೆಗಿಂತ ಈ ಗಂಟು ಹೆಚ್ಚು ನಿಲ್ಲುತ್ತಂತೆ."

"ಎರಡೇ ಬಸ್ಕಿನಾ? ನನ್ನ ಮರ್ಯಾದೆ ಏನಾಗಬೇಕು ಅಕ್ಕ? ಐವತ್ತು ಹೊಡೀತೀನಿ."

"ಎರಡೇ. ನಾಚಿಕೆ ಆಗುವಷ್ಟು ಚಿಕ್ಕದಿರಬೇಕು. ನೀನು ನೆಪ ಹುಡುಕುವಷ್ಟರಲ್ಲಿ ಮುಗಿದುಹೋಗಿರಬೇಕು."

"ಸರಿ. ನಾಳೆಯಿಂದ," ಎಂದವನು ನಮ್ಮ ಮುಖ ನೋಡಿ ಅಲ್ಲೇ ಎದ್ದು ಎರಡು ಬಸ್ಕಿ ಹೊಡೆದ. ಮಂಡಿ ಲಟಕ್ ಅಂದದ್ದು ಎಲ್ಲರಿಗೂ ಕೇಳಿಸಿತು.

ಎರಡು ವಾರ ಬಿಟ್ಟು ಮತ್ತೆ ಸೇರಿದೆವು. ರಾಯನ ಕೈಯಲ್ಲಿ ಹಾಳೆ ಇರಲಿಲ್ಲ. ಮುಖದಲ್ಲಿ ಏನೋ ಗೆದ್ದ ಕಳೆ.

"ಬಸ್ಕಿ ಏನಾಯ್ತು?" ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂರುತ್ತಾ ಕೇಳಿದರು.

"ಗಂಟು ಭಾರೀ ಗಟ್ಟಿ ಅಕ್ಕ. ಬ್ರಷ್ ಕೆಳಗಿಟ್ಟೆ ಅಂದರೆ ಬಸ್ಕಿ ಆಗಲೇಬೇಕು. ಹಲ್ಲುಜ್ಜಿದ ದಿನ ಒಂದೂ ತಪ್ಪಿಲ್ಲ."

"ಹಲ್ಲುಜ್ಜಿದ ದಿನ ಅಂದರೆ?"

"ಬಸ್ಕಿ ಹೊಡೆಯೋ ಮನಸ್ಸಿರೋ ದಿನ."

ಅಕ್ಕ ಮೆಲ್ಲಗೆ ಕುರ್ಚಿಯನ್ನು ಎರಡಡಿ ಆಚೆ ಎಳೆದುಕೊಂಡರು.