ಅಪ್‌ಡೇಟ್: ಸುಸುಕಿನೊಗೆ ಹೋಗ್ಬಂದೆ, ಜೇಬು ಸೇಫ್

ಹೋದ ತಿಂಗಳು ಕೇಳಿದ್ನಲ್ಲ, ಆಫೀಸ್ ಕೆಲಸಕ್ಕೆ ಜಪಾನಿನ ಸಪ್ಪೊರೊಗೆ ಹೋಗ್ತಿದೀನಿ, ರಾತ್ರಿ ಅಲ್ಲಿನ ಬಾರ್-ಹೋಟೆಲ್‌ಗಳ ಏರಿಯಾ ಸುಸುಕಿನೊ ಕಡೆ ಒಬ್ನೇ ಹೋದ್ರೆ ಏನಾದ್ರೂ ಎಡವಟ್ಟಾಗುತ್ತಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಸಪ್ಪೊರೊ ಸ್ಟೇಷನ್‌ನಿಂದ ಮೆಟ್ರೋ ನಂಬೊಕು ಲೈನಲ್ಲಿ ಎರಡನೇ ಸ್ಟಾಪ್, ಮೇಲೆ ಹತ್ತಿ ಬಂದ್ರೆ ನಿಕ್ಕಾ ವಿಸ್ಕಿ ಜಾಹೀರಾತು ಬೋರ್ಡಿನ ಗಡ್ಡದ ತಾತ ಲೈಟಲ್ಲಿ ಝಗಮಗ ಅಂತಿದಾನೆ, ಎಲ್ರೂ ಫೋಟೋ ತೆಗೀತಿದ್ರು ನಾನೂ ತೆಗ್ದೆ. ನೀವು ಹೇಳಿದ್ದ, ಗಿರಾಕಿಗಳನ್ನ ಬಾರ್‌ಗೆ ಕರ್ಕೊಂಡು ಹೋಗೋ ಏಜೆಂಟ್‌ಗಳು ಹತ್ತು ಹೆಜ್ಜೆಗೇ ಸಿಕ್ಕಿದ್ರು, ಒಬ್ಬ ಲ್ಯಾಮಿನೇಟ್ ಮಾಡಿದ ಮೆನು ಹಿಡ್ಕೊಂಡು ಅರ್ಧ ಬೀದಿ ಪಕ್ಕದಲ್ಲೇ ಬಂದ, ನಾನು ಮುಖಾನೂ ನೋಡದೆ ನಡೀತಾ ಇದ್ದೆ, ಸಿಗ್ನಲ್ ಹತ್ರ ತಾನೇ ವಾಪಸ್ ಹೋದ.

ಒಂದ್ ವಿಷ್ಯ ಮಾತ್ರ ಯಾರೂ ಹೇಳಿರ್ಲಿಲ್ಲ ನೋಡಿ. ಇಝಕಾಯಾದಲ್ಲಿ (ಅಲ್ಲಿನ ಕುಡಿಯೋ-ತಿನ್ನೋ ಅಂಗಡಿ) ಕೂತ ತಕ್ಷಣ ಕೇಳ್ದೇನೇ ಪುಟ್ಟ ಬಟ್ಲಲ್ಲಿ ಏನೋ ಪಲ್ಯದ ಥರದ್ದು ತಂದಿಟ್ರು, ಆಹಾ ಫ್ರೀ ಅನ್ಕೊಂಡು ತಿಂದೆ, ಬಿಲ್ಲಲ್ಲಿ 400 ಯೆನ್! ಅದು ಒತೋಶಿ ಅಂತೆ, ಸೀಟ್ ಚಾರ್ಜ್ ಇದ್ದಂಗೆ, ಮೋಸ ಅಲ್ಲ, ಅಲ್ಲಿನ ಪದ್ಧತಿನೇ ಹಾಗೆ. ಟಿಪ್ಸ್ ಇಟ್ಟು ಬಂದ್ರೆ, ಚಿಲ್ರೆ ಮರ್ತು ಹೋಗ್ತಿದೀರಾ ಅಂತ ಸರ್ವ್ ಮಾಡೋ ಹುಡ್ಗ ಬಾಗ್ಲ ತನಕ ಓಡಿ ಬಂದ, ನಂಗೇ ನಾಚ್ಕೆ ಆಯ್ತು.

ಜಿಂಗಿಸುಕಾನ್ ಅಂತ ಗುಮ್ಮಟದಂಥ ಬಾಣಲೆ ಮೇಲೆ ಕುರಿ ಮಾಂಸ ಸುಟ್ಕೊಂಡು ತಿನ್ನೋದು, ಸೂಪರ್, ಜಾಕೆಟ್ ಇನ್ನೂ ಹೊಗೆ ವಾಸ್ನೆ. ಕುಡಿದಾದ್ಮೇಲೆ ಕೊನೇಗೊಂದು ಐಸ್‌ಕ್ರೀಮ್ ಪಾರ್ಫೆ ತಿನ್ನೋದು ಅಲ್ಲಿನ ಶೋಕಿ, ಅದಕ್ಕೆ ಕ್ಯೂ ನಿಂತು ಲಾಸ್ಟ್ ಮೆಟ್ರೋ ಮಿಸ್, ಹನ್ನೆರಡರ ಸುಮಾರಿಗೆಲ್ಲ ಮುಗ್ದೋಗುತ್ತೆ ಕಣ್ರೀ. ಹೋಟೆಲ್‌ಗೆ ನಡ್ಕೊಂಡೇ ಹೋದೆ, ಅರ್ಧ ಗಂಟೆ.