ರೋಕ್ ಶಿಲೆಯ ಬರಹವನ್ನು ಸಾಹಿತ್ಯವೆಂದು ಏಕೆ ಎಣಿಸುತ್ತಾರೆ?

ಪ್ರಶ್ನೆ:
ಸ್ವೀಡನ್ನಿನ ಓಸ್ಟರ್‌ಯೋಟ್‌ಲಾಂಡ್ ಪ್ರಾಂತ್ಯದ ರೋಕ್ ಚರ್ಚಿನ ಬಳಿ ನಿಂತಿರುವ ಒಂಬತ್ತನೆಯ ಶತಮಾನದ ರೂನ್ ಶಿಲೆಯನ್ನು (ರೂನ್ ಎಂದರೆ ಉತ್ತರ ಯುರೋಪಿನ ಪ್ರಾಚೀನ ಲಿಪಿಯ ಅಕ್ಷರ) ಸ್ವೀಡಿಷ್ ಸಾಹಿತ್ಯದ ಮೊದಲ ಕೃತಿ ಎನ್ನುತ್ತಾರೆ. ವರಿನ್ ಎಂಬ ತಂದೆ ತೀರಿಹೋದ ಮಗ ವಾಮೋದನಿಗಾಗಿ ಬರೆದ ಸ್ಮಾರಕವಿದು. ಸುಮಾರು 760 ಅಕ್ಷರಗಳ ಉದ್ದವಿದೆ ಎಂಬುದೊಂದೇ ಇದಕ್ಕೆ ಕಾರಣವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಉದ್ದವೊಂದೇ ಕಾರಣವಲ್ಲ. ಆರಂಭದ ವಾಕ್ಯವನ್ನೇ ಗಟ್ಟಿಯಾಗಿ ಓದಿ ನೋಡಿ: ಬರೆದನು ಎಂಬುದಕ್ಕೆ ‘ಫಾಧಿ’, ತಂದೆ ಎಂಬುದಕ್ಕೆ ‘ಫಾಧಿರ್’, ಸಾವಿಗೀಡಾದ ಎಂಬುದಕ್ಕೆ ‘ಫೈಗಿಯನ್’ ಎಂಬ ಪದಗಳು ಒಂದರ ಹಿಂದೊಂದು ಬರುತ್ತವೆ. ನಮ್ಮ ದ್ವಿತೀಯಾಕ್ಷರ ಪ್ರಾಸಕ್ಕಿಂತ ಭಿನ್ನವಾಗಿ, ಪದದ ಮೊದಲ ಧ್ವನಿಯನ್ನೇ ಮರಳಿ ತರುವುದು ಆ ಜನರ ಕಾವ್ಯಪದ್ಧತಿ. ಮುಂದೆ ಎಂಟು ಸಾಲುಗಳ ಒಂದು ಪೂರ್ಣ ಪದ್ಯವೇ ಇದೆ. ಗುರಾಣಿಯನ್ನು ಬಿಗಿದುಕೊಂಡು ಕುದುರೆಯ ಮೇಲೆ ಕುಳಿತ ವೀರನೊಬ್ಬನನ್ನು ಅದು ವರ್ಣಿಸುತ್ತದೆ. 526ರಲ್ಲಿ ತೀರಿಕೊಂಡ ಗೋಥ್ ಎಂಬ ಜರ್ಮಾನಿಕ್ ಜನಾಂಗದ ಅರಸ ಥಿಯೊಡೋರಿಕನೇ ಈ ವೀರನೆಂಬುದು ಬಹುಕಾಲದಿಂದ ಬಂದ ವ್ಯಾಖ್ಯಾನ. ಮಗನನ್ನು ಕಳೆದುಕೊಂಡ ತಂದೆಯೊಬ್ಬ ಛಂದಸ್ಸನ್ನು ಆಶ್ರಯಿಸಿದ್ದನ್ನು ಕಂಡಾಗ, ಇದನ್ನು ಕಾವ್ಯವೆನ್ನಲು ನನಗೆ ಸಂಕೋಚವೇ ಆಗುವುದಿಲ್ಲ.

ಉತ್ತರ 2:
ಹಿಂದಿನವರು ಹೇಳಿದ್ದಕ್ಕೆ ಒಗಟಿನ ಮಾತನ್ನೂ ಸೇರಿಸಬೇಕು. ‘ಇದನ್ನು ಎರಡನೆಯದಾಗಿ ಹೇಳುತ್ತೇನೆ’ ಎಂದ ಬರಹ ಅಲ್ಲಿಂದ ನೇರವಾಗಿ ಹನ್ನೆರಡನೆಯದಕ್ಕೆ ಜಿಗಿಯುತ್ತದೆ. ನಡುವಿನವು ಕೇಳುಗರಿಗೆ ಗೊತ್ತಿದ್ದವೋ, ಬೇಕೆಂದೇ ಬಿಟ್ಟವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಹನ್ನೆರಡನೆಯದರಲ್ಲಿ, ಇಪ್ಪತ್ತು ಅರಸರು ಸತ್ತು ಬಿದ್ದಿರುವ ರಣರಂಗದಲ್ಲಿ ‘ಗುನ್ನಳ ಕುದುರೆ’ ಆಹಾರವನ್ನು ಕಾಣುತ್ತದೆ. ಗುನ್ ಒಬ್ಬ ಯುದ್ಧಕನ್ಯೆ, ಅವಳ ಕುದುರೆಯೆಂದರೆ ತೋಳ. ಪ್ರಾಣಿಯ ಹೆಸರನ್ನೇ ಹೇಳದೆ ಅದನ್ನು ಕಣ್ಣ ಮುಂದೆ ನಿಲ್ಲಿಸುವ ಇಂತಹ ಮಾತುಗಾರಿಕೆ ಬರೀ ಸ್ಮಾರಕಲೇಖಕ್ಕೆ ಬೇಕಿರಲಿಲ್ಲ. ಇದಲ್ಲದೆ, ಕೆಲವು ಭಾಗಗಳನ್ನು ಅಂದಿಗಾಗಲೇ ಹಳತಾಗಿದ್ದ ರೂನ್‌ಗಳಲ್ಲಿಯೂ ಗುಪ್ತಲಿಪಿಯಲ್ಲಿಯೂ ಕೊರೆಯಲಾಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ವ್ಯಾಖ್ಯಾನಗಳು ಇಷ್ಟೊಂದು ಬೇರೆಯಾಗುವುದೇಕೆ?

ಉತ್ತರ 2:
ಆ ಕಾಲದ ಲಿಪಿಯಲ್ಲಿ ಇದ್ದದ್ದು 16 ಅಕ್ಷರಗಳು ಮಾತ್ರ. ಒಂದೇ ಅಕ್ಷರ ಹಲವು ಧ್ವನಿಗಳನ್ನು ಹೊರಬೇಕಿತ್ತು, ಜೊತೆಗೆ ಪದಗಳ ನಡುವೆ ತೆರಪೂ ಇಲ್ಲ. ಎಲ್ಲಿ ಪದ ಮುರಿಯಬೇಕೆಂಬುದು ಬದಲಾದರೆ ಅರ್ಥವೂ ಬದಲಾಗುತ್ತದೆ. 2020ರಲ್ಲಿ ಪೆರ್ ಹೋಲ್ಮ್‌ಬೆರಿ ಮತ್ತು ಅವರ ಸಹವಿದ್ವಾಂಸರು, 536ರ ನಂತರ ಬಂದೆರಗಿದ ಭೀಕರ ಚಳಿಯಂಥದ್ದು ಮರುಕಳಿಸೀತೆಂಬ ಭಯವೇ ಈ ಬರಹದ ತಿರುಳೆಂದು ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ಆದರೆ ಮೊದಲ ಸಾಲಿನ ತಂದೆಯನ್ನೂ ಮಗನನ್ನೂ ಯಾರೂ ಅಲ್ಲಗಳೆದಿಲ್ಲ.